‘ಖೋಲಿ ಚಲೋ ಐತ್ರಿ’: ಮಂಗಳೂರಿನ ಒಂದು ಬಿಡಾರದ ಪ್ರಕರಣ

ಇಲ್ಲಿ ಬರುವ ಹೆಸರುಗಳು ನಿಜವಲ್ಲ. ಜಾಗವನ್ನು ಕೂಳೂರಿಗೂ ಕಾವೂರಿಗೂ ನಡುವೆ ಎಲ್ಲೋ ಒಂದು ಕಡೆ ಎಂದಷ್ಟೇ ಇಟ್ಟುಕೊಳ್ಳಿ. ಬಾಡಿಗೆ, ಕೂಲಿ, ದೂರ ಇವುಗಳನ್ನು ಮಾತ್ರ ಮುಚ್ಚಿಟ್ಟಿಲ್ಲ. ನಾವು ಎಡವಿದ್ದು ಆ ಲೆಕ್ಕದಲ್ಲೇ.

ಹಿನ್ನೆಲೆ

ಮಂಗಳೂರಿನಲ್ಲಿ ಪಾಯ ತೋಡುವವರು, ಸ್ಲ್ಯಾಬ್ ಹಾಕುವವರು, ರಸ್ತೆ ಬದಿಯಲ್ಲಿ ಕೇಬಲ್ಲಿಗೆ ಹೊಂಡ ತೆಗೆಯುವವರು ಹೆಚ್ಚಾಗಿ ಘಟ್ಟದ ಮೇಲಿನವರು. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು. ಈಚಿನ ವರ್ಷಗಳಲ್ಲಿ ಜಾರ್ಖಂಡ್, ಒಡಿಶಾ, ಬಂಗಾಳದ ಹುಡುಗರೂ ಸೇರಿದ್ದಾರೆ. ಬಾದಾಮಿ ಕಡೆಯವರು ಬರುವುದು ಸಂಸಾರ ಸಮೇತ. ಗಂಡ ಗೌಂಡಿ, ಹೆಂಡತಿ ಅದೇ ಸೈಟಿನಲ್ಲಿ ಜಲ್ಲಿ ಹೊರುತ್ತಾಳೆ, ಮಗು ಮರಳಿನ ರಾಶಿಯ ಪಕ್ಕ ಆಡುತ್ತದೆ. ಜಾರ್ಖಂಡಿನವರು ಒಂಟಿ ಹುಡುಗರು, ಎಂಟು ಹತ್ತು ಜನರ ಗುಂಪು ಕಟ್ಟಿಕೊಂಡು ಬರುತ್ತಾರೆ. ಈ ವ್ಯತ್ಯಾಸ ನನ್ನ ಕಣ್ಣೆದುರಿಗೇ ಇತ್ತು. ಆದರೂ ಕೆಲಸ ಶುರುಮಾಡಿದಾಗ ಇಬ್ಬರನ್ನೂ ‘ವಲಸೆ ಕಾರ್ಮಿಕರು’ ಎಂಬ ಒಂದೇ ಕಾಲಂನಲ್ಲಿ ಬರೆದುಕೊಂಡೆ.

ನಾನು ಕೆಲಸ ಮಾಡುವುದು ಒಂದು ಸಣ್ಣ ಸೇವಾ ಗುಂಪಿನಲ್ಲಿ. ಕ್ಷೇತ್ರಕ್ಕೆ ಓಡಾಡುವವರು ನಾವು ಮೂವರು, ಲೆಕ್ಕ ಬರೆಯುವವರು ಒಬ್ಬರು. 2022ರಲ್ಲಿ ನಮ್ಮ ಸುಪರ್ದಿಗೆ ಬಂದ ಬಿಡಾರದಲ್ಲಿ ಒಂಬತ್ತು ಸಂಸಾರಗಳಿದ್ದವು, ಎಲ್ಲ ಬಾದಾಮಿ ತಾಲ್ಲೂಕಿನ ಎರಡು ಅಕ್ಕಪಕ್ಕದ ಹಳ್ಳಿಯವು. ಮಕ್ಕಳು ಮುದುಕಿ ಸೇರಿ ಮೂವತ್ತನಾಲ್ಕು ಜನ. ಅವರ ಜೊತೆ ಜಾರ್ಖಂಡಿನ ಎಂಟು ಹುಡುಗರು. ಯಾರೋ ಸೈಟ್ ಮಾಡಲೆಂದು ಗುಡ್ಡ ಕಡಿದು ಅರ್ಧಕ್ಕೆ ಬಿಟ್ಟಿದ್ದ ಜಾಗ ಅದು. ಕಡಿದ ಮುರಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ತಗಡಿನ ಶೆಡ್ಡುಗಳು, ಮೇಲೆ ನೀಲಿ ತಾರ್ಪಾಲು. ಒಂದು ಶೆಡ್ಡಿಗೆ ತಿಂಗಳಿಗೆ ₹1,200, ಒಂದು ಬಲ್ಬಿನ ಕರೆಂಟು ಅದರಲ್ಲೇ. ಎಲ್ಲರಿಗೂ ಸೇರಿ ಎರಡು ಸಂಡಾಸು, ಒಂದು ಬೋರ್‌ವೆಲ್ ನಲ್ಲಿ.

ಯಾಕೆ ಕೈ ಹಾಕಿದೆವು

ಬಾಗಲಕೋಟೆ ಕಡೆ ವರ್ಷವಿಡೀ ಸುರಿದರೂ ಆರುನೂರು ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ದಾಟಿ ಹೋಗುತ್ತದೆ. ಮೊದಲ ಸಲ ಇಳಿದು ಬಂದವರು ಜೂನ್ ಎರಡನೇ ವಾರದ ಹೊತ್ತಿಗೆ ಮಾತೇ ಕಳೆದುಕೊಂಡಿರುತ್ತಾರೆ. ನಾನು ಮೊದಲ ದಿನ ಹೋದಾಗ ಗುಡ್ಡದಿಂದ ಇಳಿದ ಕೆಂಪು ನೀರು ಶೆಡ್ಡಿನ ಹಿಂಗೋಡೆಯಿಂದ ಒಳಗೆ ಬಂದು ಚಾಪೆಯ ಕೆಳಗೆ ಹರಿದು ಮುಂಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಕೌದಿಗಳನ್ನೆಲ್ಲ ಹಗ್ಗಕ್ಕೆ ಎತ್ತಿ ಕಟ್ಟಿದ್ದರು.

ಆ ಜುಲೈ ಮೊದಲ ವಾರದಲ್ಲೇ ಬಂಟ್ವಾಳ ತಾಲ್ಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು, ಕೆಲಸಕ್ಕೆಂದು ಬಂದು ತಂಗಿದ್ದ ಕೇರಳದ ಮೂವರು ತೀರಿಕೊಂಡರು. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಬಿಡಾರದ ಹಿಂದೆಯೂ ಹಾಗೆಯೇ ಕಡಿದು ನಿಲ್ಲಿಸಿದ ಗೋಡೆ. ಮಾರನೇ ದಿನವೇ ಗುಂಪಿನಲ್ಲಿ ತೀರ್ಮಾನವಾಯಿತು: ಏನೇ ಆಗಲಿ, ಇವರನ್ನು ಅಲ್ಲಿಂದ ಎಬ್ಬಿಸಬೇಕು.

ಆ ತೀರ್ಮಾನ ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಎಬ್ಬಿಸುವ ಅವಸರದಲ್ಲಿ, ಎಬ್ಬಿಸಿ ಎಲ್ಲಿ ಕೂರಿಸುವುದು ಎಂಬುದನ್ನು ಮೂರು ವಾರದಲ್ಲಿ ಮುಗಿಸಿಬಿಟ್ಟೆವು.

ಮಾಡಿದ್ದು

ಮೂರು ಕಿಲೋಮೀಟರ್ ದೂರದಲ್ಲಿ ಎರಡು ಅಂತಸ್ತಿನ ಒಂದು ಆರ್‌ಸಿಸಿ ಕಟ್ಟಡ ಖಾಲಿ ಇತ್ತು. ಹಿಂದೆ ವಿದ್ಯಾರ್ಥಿಗಳ ಪಿ.ಜಿ. ಆಗಿದ್ದದ್ದು. ಕೆಳಗೆ ಆರು, ಮೇಲೆ ಆರು ಕೋಣೆ, ಒಂದೊಂದು ಅಂತಸ್ತಿಗೆ ಮೂರು ಬಚ್ಚಲು, ಮೂರು ಸಂಡಾಸು. ಗ್ರಿಲ್ ಗೇಟು, ನೆಲಕ್ಕೆ ಟೈಲ್ಸ್. ಮಾಲಕರು ಪಕ್ಕದ ಮನೆಯಲ್ಲೇ ಇರುವವರು, ಒಳ್ಳೆಯವರು. ಕೋಣೆಗೆ ₹4,000 ಎಂದರು. ಹೆಚ್ಚಿನ ಗಂಡಸರಿಗೆ ಕೆಲಸ ಕೊಡುತ್ತಿದ್ದ ಗುತ್ತಿಗೆದಾರರ ಬಳಿ ಹೋಗಿ ಮಾತಾಡಿದಾಗ ಆರು ತಿಂಗಳು ಅರ್ಧ ಬಾಡಿಗೆ ತಾವು ಕೊಡುವುದಾಗಿ ಒಪ್ಪಿದರು.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡಬೇಕು. ಹೊರರಾಜ್ಯದ ಕಾರ್ಮಿಕರಿಗೆ ಗುತ್ತಿಗೆದಾರ ವಸತಿ ಕೊಡಬೇಕು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಆದರೆ ಬಾದಾಮಿ ಇದೇ ರಾಜ್ಯದಲ್ಲಿದೆ. ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಕೂತು ಬಂದ ನಮ್ಮ ಬಿಡಾರದ ಶಾಂತವ್ವ ಆ ಕಾಯ್ದೆಯ ಪ್ರಕಾರ ವಲಸೆ ಬಂದವಳೇ ಅಲ್ಲ, ಗಡಿಯಾಚೆ ಕಾಸರಗೋಡಿನಿಂದ ಗುತ್ತಿಗೆದಾರ ಕರೆತಂದವನು ಮಾತ್ರ ವಲಸೆಗಾರ. ನಮ್ಮವರಿಗೆ ಅನ್ವಯಿಸುತ್ತಿದ್ದದ್ದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಅದರ 34ನೇ ಕಲಂ ಸ್ಪಷ್ಟವಾಗಿತ್ತು: ಕೆಲಸ ನಡೆಯುವಷ್ಟು ಕಾಲ, ಕೆಲಸದ ಜಾಗದಲ್ಲಿ ಅಥವಾ ಆದಷ್ಟು ಹತ್ತಿರ, ಪುಕ್ಕಟೆ ವಸತಿ. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಬೇರೆ ಬೇರೆ ವ್ಯವಸ್ಥೆ.

ಅರ್ಧ ಬಾಡಿಗೆಗೆ ಒಪ್ಪಿದ ಮನುಷ್ಯನ ಮುಂದೆ ಪೂರ್ತಿ ಪುಕ್ಕಟೆ ಕೊಡಬೇಕೆಂಬ ಕಾನೂನು ತೆಗೆದಿಡಬೇಕೋ ಬೇಡವೋ ಎಂದು ನಮ್ಮೊಳಗೆ ಜಗಳವೇ ಆಯಿತು. ಬೇಡ ಎಂದವಳು ನಾನು. ‘ಇವರೆಲ್ಲ ನನ್ನೊಬ್ಬನ ಕೆಲಸದವರಲ್ಲ ಮಾರಾಯ್ರೆ, ನಾಳೆ ಬೇರೆಯವರತ್ರ ಹೋಗ್ತಾರೆ’ ಎಂದು ಅವರು ಕೈಕೊಡವಿದರೆ ಇದ್ದ ಅರ್ಧವೂ ಹೋಗುತ್ತದೆ ಎಂಬ ಹೆದರಿಕೆ ನನಗೆ. ಕಲಂ 34ನ್ನು ಮಡಚಿ ಫೈಲಿನೊಳಗೆ ಇಟ್ಟೆವು. ಅದರಲ್ಲಿ ‘ಅಡುಗೆಗೆ ಬೇರೆ ವ್ಯವಸ್ಥೆ’ ಎಂಬ ಮಾತೂ ಇತ್ತು ಎನ್ನುವುದನ್ನು ಆಗ ಓದಿಯೂ ಓದಲಿಲ್ಲ.

ನಮ್ಮ ಮನಸ್ಸಿನಲ್ಲಿದ್ದ ಮಾದರಿ ಹಾಸ್ಟೆಲ್ಲಿನದು. ಕೇರಳ ಸರಕಾರ ಪಾಲಕ್ಕಾಡಿನ ಕಂಜಿಕೋಡಿನಲ್ಲಿ ಹೊರರಾಜ್ಯದ ಕಾರ್ಮಿಕರಿಗೆ ‘ಅಪ್ನಾ ಘರ್’ ಎಂಬ ವಸತಿ ಕಟ್ಟಿ 2019ರಲ್ಲಿ ತೆರೆದಿತ್ತು. ಅದರ ಫೋಟೊ ನಮ್ಮ ಆಫೀಸಿನ ಗೋಡೆಯ ಮೇಲಿತ್ತು. ಅದು ಒಂಟಿ ಗಂಡಸರಿಗೆ ಲೆಕ್ಕ ಹಾಕಿ ಕಟ್ಟಿದ್ದು ಎಂದು ಯಾರೂ ಯೋಚಿಸಲಿಲ್ಲ.

ಆಗಸ್ಟ್‌ನಲ್ಲಿ, ಚೌತಿಗೆ ಎರಡು ವಾರ ಮುಂಚೆ, ಎರಡು ಟೆಂಪೊದಲ್ಲಿ ಸಾಮಾನು ಸಾಗಿಸಿದೆವು. ಯಾರಿಗೆ ಯಾವ ಕೋಣೆ ಎಂದು ತಕರಾರು ಬರಬಾರದೆಂದು ಚೀಟಿ ಎತ್ತಿಸಿದೆವು. ಎಷ್ಟು ನ್ಯಾಯ ಎಂದು ನಮಗೆ ನಾವೇ ಬೆನ್ನು ತಟ್ಟಿಕೊಂಡದ್ದು ಈಗಲೂ ನೆನಪಿದೆ.

ನವೆಂಬರಿನಲ್ಲಿ ಸಮೀಕ್ಷೆ ಮಾಡಿದೆವು. ಇಪ್ಪತ್ತು ಪ್ರಶ್ನೆ. ಅಳುವ ಮುಖದಿಂದ ನಗುವ ಮುಖದವರೆಗೆ ಐದು ಚಿತ್ರ, ಒಂದಕ್ಕೆ ಬೆರಳಿಡಬೇಕು. ಮನೆಗೊಬ್ಬ ಯಜಮಾನ ಮತ್ತು ಎಂಟು ಹುಡುಗರು, ಒಟ್ಟು ಹದಿನೇಳು ಜನ. ಸರಾಸರಿ ಐದಕ್ಕೆ 4.2 ಬಂತು. ‘ಖೋಲಿ ಹೆಂಗೈತಿ?’ ಎಂಬ ಪ್ರಶ್ನೆಗೆ ಒಬ್ಬೊಬ್ಬರೂ ಕೊಟ್ಟ ಉತ್ತರ, ‘ಖೋಲಿ ಚಲೋ ಐತ್ರಿ.’ ದೇಣಿಗೆ ಕೊಟ್ಟವರಿಗೆ ಬಣ್ಣದ ವರದಿ ಹೋಯಿತು.

ಜನವರಿ

2023ರ ಜನವರಿ ಮೊದಲ ವಾರ ಬನದ ಹುಣ್ಣಿಮೆ, ಬನಶಂಕರಿ ಜಾತ್ರೆ. ಬಾದಾಮಿ ಕಡೆಯವರು ಎಲ್ಲಿದ್ದರೂ ಊರಿಗೆ ಹೋಗುವ ಕಾಲ. ಒಂಬತ್ತೂ ಸಂಸಾರ ಕೋಣೆಗೆ ಬೀಗ ಹಾಕಿ ಹೋದವು. ತಿಂಗಳ ಕೊನೆಗೆ ಕಟ್ಟಡದ ಮಾಲಕರ ಫೋನು: ‘ಮೇಡಂ, ನಿಮ್ಮ ಜನ ಬರಲೇ ಇಲ್ಲ ಅಲ್ವಾ? ಆರು ಕೋಣೆಗೆ ಬೀಗ ಉಂಟು. ಬಾಡಿಗೆ ಯಾರು ಕೊಡುವುದು?’

ಜಾತ್ರೆ ತಡವಾಗಿರಬಹುದು ಎಂದುಕೊಂಡೆ. ಎರಡು ದಿನ ಬಿಟ್ಟು ಸಂಜೆ ಏಳರ ಹೊತ್ತಿಗೆ ಆ ಹಳೆಯ ಗುಡ್ಡದ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಹೊಗೆ ಕಂಡಿತು. ಐದು ಸಂಸಾರ ಅಲ್ಲೇ ಇದ್ದವು. ಅದೇ ಜಾಗ, ಹೊಸ ತಾರ್ಪಾಲು. ಆರನೆಯದು ಗೋವಾಕ್ಕೆ ಹೋಗಿತ್ತು. ಮೂರು ಸಂಸಾರ ಮತ್ತು ಹುಡುಗರು ಮಾತ್ರ ಕಟ್ಟಡದಲ್ಲಿ ಉಳಿದಿದ್ದರು.

ನನಗೆ ಸಿಟ್ಟು ಬಂತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಬಂದದ್ದು ಸಿಟ್ಟೇ. ಶಾಂತವ್ವ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆಯೆದುರು ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಕೈಯಲ್ಲಿ ಹಿಟ್ಟಿತ್ತು. ‘ಕುಂದರ್ರಿ ಅಕ್ಕಾರ’ ಎಂದಳು ಅಷ್ಟೇ. ಕೂತೆ. ಮಾತಾಡದೆ ಅರ್ಧ ಗಂಟೆ ನೋಡುತ್ತಾ ಕೂತದ್ದೇ ಒಳ್ಳೆಯದಾಯಿತು.

ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಉಂಡೆ ಮಾಡಿ, ಹಲಗೆಯ ಮೇಲೆ ಅಂಗೈಯಲ್ಲಿ ತಟ್ಟುತ್ತಾ ತಿರುಗಿಸುತ್ತಾ ಹೋದರೆ ರೊಟ್ಟಿ ಅಗಲವಾಗುತ್ತದೆ. ಡಬ ಡಬ ಡಬ ಎಂದು ಒಂದೇ ತಾಳ. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ, ಆಮೇಲೆ ಹಂಚಿನಿಂದ ಇಳಿಸಿ ಒಲೆಯ ಬಾಯಿಗೆ ಒರಗಿಸಿ ನಿಲ್ಲಿಸಿದರೆ ಬೆಂಕಿಯ ಝಳಕ್ಕೆ ಅದು ಉಬ್ಬಿಕೊಳ್ಳುತ್ತದೆ. ಇಪ್ಪತ್ತೆರಡು ರೊಟ್ಟಿ ಮಾಡಿದಳು. ಆ ರಾತ್ರಿಗೆ, ಮಾರನೇ ಬೆಳಗ್ಗೆಗೆ, ಇಬ್ಬರ ಬುತ್ತಿಗೆ.

‘ಅಲ್ಲಿ ಇದನ್ನ ಮಾಡಾಕ ಬರ್ತಿರಲಿಲ್ರಿ’ ಎಂದಳು ಕೊನೆಗೆ.

ಕಟ್ಟಡದಲ್ಲಿ ಕಟ್ಟಿಗೆ ಒಲೆಗೆ ಅವಕಾಶವಿಲ್ಲ, ಗೋಡೆ ಕಪ್ಪಾಗುತ್ತದೆ. ಒಂದು ಬರ್ನರಿನ ಗ್ಯಾಸು, ಐದು ಕೇಜಿ ಸಿಲಿಂಡರು. ಆ ಸಣ್ಣ ಉರಿಯಲ್ಲಿ ರೊಟ್ಟಿ ನಡುವೆ ಕರಟಿ ಅಂಚಿಗೆ ಹಸಿ ಉಳಿಯುತ್ತದೆ. ಅದಕ್ಕಿಂತ ದೊಡ್ಡ ತಕರಾರು ಸದ್ದಿನದು. ಬೆಳಗಿನ ನಾಲ್ಕೂವರೆಗೆ ಏಳೆಂಟು ಕೋಣೆಯಲ್ಲಿ ಒಟ್ಟಿಗೆ ರೊಟ್ಟಿ ಬಡಿಯಲು ಶುರುವಾದರೆ ಪಕ್ಕದ ಮನೆಯ ಮಾಲಕರಿಗೆ, ಅವರ ವಯಸ್ಸಾದ ತಾಯಿಗೆ ನಿದ್ದೆ ಎಲ್ಲಿಂದ? ಆರು ಗಂಟೆಗೆ ಮುಂಚೆ ರೊಟ್ಟಿ ಬೇಡ ಎಂದರು. ಅವರನ್ನು ತಪ್ಪೆನ್ನುವುದು ಹೇಗೆ? ಆದರೆ ಆರಕ್ಕೆ ಶುರುಮಾಡಿದರೆ ಬುತ್ತಿ ಕಟ್ಟಿ ಏಳಕ್ಕೆ ಕೂಲಿ ಸಿಗುವ ಜಂಕ್ಷನ್ನಿನಲ್ಲಿ ನಿಲ್ಲುವುದಾಗುವುದಿಲ್ಲ. ಹಾಗಾಗಿ ಬುತ್ತಿ ನಿಂತಿತು. ಗಂಡ ಹೆಂಡತಿ ಹೋಟೆಲಿನಲ್ಲಿ ಊಟ ಮಾಡಿದರು, ಒಬ್ಬರಿಗೆ ₹60. ತಿಂಗಳಿಗೆ ಇಪ್ಪತ್ತನಾಲ್ಕು ದಿನ ಹಿಡಿದರೆ ಇಬ್ಬರಿಗೆ ₹2,880.

ಆ ರಾತ್ರಿ ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಶಾಂತವ್ವ ಹೇಳಿದಂತೆ ಲೆಕ್ಕ ಬರೆದೆ. ನಾವು ಅವರಿಗೆ ಹೇಳಿದ್ದು ‘ಶೆಡ್ಡಿಗಿಂತ ಎಂಟುನೂರು ರೂಪಾಯಿ ಮಾತ್ರ ಜಾಸ್ತಿ’ ಎಂದು. ಊಟದ ಖರ್ಚು ಬೇರೆ ಬಂತು. ಜಂಕ್ಷನ್ನಿಗೆ ಮೂರು ಕಿಲೋಮೀಟರ್ ನಡೆದು ತಲುಪುವಷ್ಟರಲ್ಲಿ ಮೇಸ್ತ್ರಿಗಳು ಹೆಣ್ಣಾಳುಗಳನ್ನು ಆರಿಸಿ ಆಗಿರುತ್ತಿತ್ತು. ತಿಂಗಳಿಗೆ ಮೂರು ದಿನವಾದರೂ ಅವಳಿಗೆ ಕೆಲಸ ತಪ್ಪುತ್ತಿತ್ತು, ದಿನಕ್ಕೆ ₹550. ಮೇಲಿಂದ ಗ್ಯಾಸು. ಆರು ತಿಂಗಳ ಅರ್ಧ ಬಾಡಿಗೆ ಜನವರಿಗೆ ಮುಗಿಯುತ್ತದೆ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಊರಿಗೆ ಹೋದ ದಿನಗಳಿಗೂ ಬಾಡಿಗೆ ಓಡುತ್ತದೆ ಎಂಬುದೂ.

ಇಷ್ಟಾದ ಮೇಲೂ ದೊಡ್ಡ ಬಾಬತ್ತು ಬಾಕಿ ಇತ್ತು. ಶೆಡ್ಡಿನ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅವಳ ಅತ್ತೆ. ಎಲ್ಲರಿಗೂ ಆಯಿ. ಬಿಡಾರದ ಮೂರು ವರ್ಷದೊಳಗಿನ ನಾಲ್ಕು ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳು. ನಮ್ಮ ನ್ಯಾಯದ ಚೀಟಿಯಲ್ಲಿ ಶಾಂತವ್ವನಿಗೆ ಬಂದದ್ದು ಮೇಲಿನ ಅಂತಸ್ತು. ಮೊಣಕಾಲು ನೋವಿನ ಆಯಿ ಒಂದು ಸಲ ಮೆಟ್ಟಿಲು ಹತ್ತಿದವಳು ಇಳಿಯಲಿಲ್ಲ. ಕೆಳಗಿನ ಕೋಣೆಗಳ ಮಕ್ಕಳನ್ನು ಮೇಲೆ ಬಿಡಲು ತಾಯಂದಿರಿಗೆ ಹೆದರಿಕೆ, ಬಾಲ್ಕನಿಯ ಸರಳು ಅಗಲ. ಕೊನೆಗೆ ಕೆಳಗಿನವರಲ್ಲಿ ಒಬ್ಬಳು ಕೆಲಸ ಬಿಟ್ಟು ಮಕ್ಕಳ ಜೊತೆ ಕೂತಳು. ತಿಂಗಳಿಗೆ ಹತ್ತು ಹನ್ನೊಂದು ಸಾವಿರ ರೂಪಾಯಿ ಕೂಲಿ ಹೋಯಿತು.

ನಮ್ಮ ಸಮೀಕ್ಷೆಯ ಹದಿನೇಳು ಜನರಲ್ಲಿ ಆಯಿ ಇರಲಿಲ್ಲ. ಅವಳು ಕಾರ್ಮಿಕಳಲ್ಲವಲ್ಲ!

‘ನವೆಂಬರ್‌ದಾಗ ಕೇಳಿದಾಗ ಯಾಕ ಹೇಳಲಿಲ್ಲ?’ ಎಂದು ಕೇಳಿದೆ. ಅವರ ಜೊತೆ ಕೂತರೆ ನನ್ನ ಮಾತೂ ಹಾಗೇ ತಿರುಗುತ್ತದೆ. ಶಾಂತವ್ವನ ಗಂಡ ನೆಲ ನೋಡುತ್ತಾ ಹೇಳಿದ: ‘ನೀವು ಕೇಳಿದ್ದು ಖೋಲಿ ಹೆಂಗೈತಿ ಅಂತ್ರಿ. ಖೋಲಿ ಚಲೋನ ಇತ್ತು. ಮತ್ತ, ನೀವು ನಮ್ಮ ಸಲುವಾಗಿ ಇಷ್ಟ್ ಅಡ್ಡಾಡೀರಿ. ಚಲೋ ಇಲ್ಲ ಅಂದ್ರ ಉಂಡ ಮನಿ ಜಂತಿ ಎಣಿಸಿದಂಗ ಆಕ್ಕೈತಿ.’ ಸ್ವಲ್ಪ ತಡೆದು, ‘ಮೇಸ್ತ್ರೀನೂ ನಿಂತಿದ್ದ’ ಎಂದ.

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದದ್ದು ನಿಜ. ಭಾಷೆಗೆ ಸಹಾಯವಾಗುತ್ತದೆ ಎಂದು ನಾವೇ ಕರೆದುಕೊಂಡು ಹೋಗಿದ್ದೆವು.

ಹುಣಸೆಬೀಜ

ಫೆಬ್ರವರಿಯಲ್ಲಿ ಮತ್ತೆ ಕೇಳಿದೆವು, ಬೇರೆ ರೀತಿಯಲ್ಲಿ. ಅಂಕ ಕೊಡಿ ಎನ್ನಲಿಲ್ಲ. ನೆಲದ ಮೇಲೆ ಹನ್ನೆರಡು ಚಿತ್ರದ ಚೀಟಿ ಇಟ್ಟೆವು: ಮಾಡು, ಸಂಡಾಸು, ಒಲೆ, ನೀರು, ಗೇಟಿನ ಬೀಗ, ಜಂಕ್ಷನ್, ಮಗು ಹಿಡಿದ ಮುದುಕಿ, ಶಾಲೆ, ಅಕ್ಕಪಕ್ಕದ ಊರಿನ ಜನ, ಮೊಬೈಲ್ ಚಾರ್ಜರು, ಸಾಮಾನಿನ ಟ್ರಂಕು, ಬಾಡಿಗೆ. ಒಬ್ಬೊಬ್ಬರಿಗೂ ಇಪ್ಪತ್ತು ಹುಣಸೆಬೀಜ. ಯಾವುದು ಹೆಚ್ಚೋ ಅದರ ಮೇಲೆ ಹೆಚ್ಚು ಬೀಜ ಇಡಿ, ಬೀಜ ಮುಗಿದರೆ ಮುಗಿಯಿತು. ಎಲ್ಲದಕ್ಕೂ ನಗುವ ಮುಖ ತೋರಿಸಿದಂತೆ ಎಲ್ಲದಕ್ಕೂ ಇಪ್ಪತ್ತು ಬೀಜ ಇಡಲು ಬರುವುದಿಲ್ಲ. ಹೆಂಗಸರನ್ನು ಬೇರೆ, ಗಂಡಸರನ್ನು ಬೇರೆ, ಹುಡುಗರನ್ನು ಬೇರೆ ಕೂರಿಸಿದೆವು. ಆಯಿಯೂ ಕೂತಳು. ಮೇಸ್ತ್ರಿಯನ್ನು ಚಹಾಕ್ಕೆಂದು ನಮ್ಮವರೊಬ್ಬರು ದೂರ ಕರೆದುಕೊಂಡು ಹೋದರು.

ಹೆಂಗಸರ ಬೀಜ ಒಲೆಯ ಮೇಲೆ, ಮುದುಕಿಯ ಮೇಲೆ ರಾಶಿ ಬಿತ್ತು. ಗಂಡಸರದು ಜಂಕ್ಷನ್ನಿನ ಮೇಲೆ, ಆಮೇಲೆ ಬಾಡಿಗೆಯ ಮೇಲೆ. ಗೇಟಿನ ಬೀಗಕ್ಕೂ ಅವರು ಬೀಜ ಇಟ್ಟಾಗ ನಮಗೆ ಆಶ್ಚರ್ಯವಾಯಿತು, ಅದನ್ನು ಭದ್ರತೆ ಎಂದುಕೊಂಡಿದ್ದವರು ನಾವು. ಸ್ಲ್ಯಾಬಿನ ಕಾಂಕ್ರೀಟು ಹಾಕಲು ಶುರುಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಕೂಡದೆ ಅಲ್ಲೇ ನೀರು ಸೋರುತ್ತದೆ. ಸ್ಲ್ಯಾಬಿನ ದಿನ ರಾತ್ರಿ ಹನ್ನೊಂದಾದರೂ ಆಯಿತು. ಗೇಟಿಗೆ ಹತ್ತಕ್ಕೆ ಬೀಗ. ಅಕ್ಟೋಬರಿನಲ್ಲಿ ಒಂದು ರಾತ್ರಿ ಮೂವರು ಗೌಂಡಿಗಳು ಮಳೆಯಲ್ಲಿ ಗೇಟಿನ ಹೊರಗೆ ಕೂತು ಬೆಳಗು ಮಾಡಿದ್ದರು. ಮಾಲಕರನ್ನು ಎಬ್ಬಿಸಲು ಸಂಕೋಚ.

ಜಾರ್ಖಂಡಿನ ಹುಡುಗರದು ಬೇರೆಯೇ ಚಿತ್ರ. ಸಂಡಾಸು, ಚಾರ್ಜರು, ಬೀಗ, ಟ್ರಂಕು. ಅವರಿಗೆ ಅದೇ ಗೇಟು ನೆಮ್ಮದಿ. ಹಿಂದೆ ಶೆಡ್ಡಿನಿಂದ ಅವರ ಎರಡು ಮೊಬೈಲು ಕಳವಾಗಿತ್ತು. ಅನ್ನ ಬೇಯಿಸಿಕೊಳ್ಳುವವರಿಗೆ ಒಂದು ಬರ್ನರು ಧಾರಾಳ. ನಮ್ಮ 4.2ರಲ್ಲಿ ಅವರ ನಿಜವಾದ ಸಂತೋಷವೂ ಸಂಸಾರಸ್ಥರ ದಾಕ್ಷಿಣ್ಯವೂ ಕಲಸಿ ಹೋಗಿದ್ದವು.

ನಾವು ಎಲ್ಲಕ್ಕಿಂತ ಹೆಮ್ಮೆಪಟ್ಟ ಆರ್‌ಸಿಸಿ ಮಾಡಿಗೆ ಹೆಂಗಸರು ಇಟ್ಟದ್ದು ಒಬ್ಬೊಬ್ಬರು ಒಂದು ಎರಡು ಬೀಜ. ನನ್ನ ಮುಖ ನೋಡಿ ಆಯಿ ನಕ್ಕಳು: ‘ಈಗ ಬ್ಯಾಸಗಿ ಬರಾಕತ್ತೇತವ್ವಾ. ಮಳಿಗಾಲದಾಗ ಕೇಳಿದ್ರ ಬ್ಯಾರೆ ಹಾಕ್ತಿದ್ವಿ.’ ಆ ಮಾತಿನಿಂದಾಗಿ ಜೂನ್ ಕೊನೆಗೆ ಮತ್ತೊಮ್ಮೆ ಬೀಜ ಹಂಚಿದೆವು. ಮಾಡಿನ ಮೇಲೆ ಆಗ ಆರು ಏಳು ಬಿದ್ದವು. ಅವೇ ಜನ, ಅವೇ ಚೀಟಿ. ವಸತಿಯ ತೃಪ್ತಿಯನ್ನು ವರ್ಷಕ್ಕೊಂದು ಸಲ ಅಳೆದು ಬರೆಯುವ ವರದಿಗಳನ್ನು ನೋಡಿದಾಗ, ಯಾವ ತಿಂಗಳಲ್ಲಿ ಕೇಳಿದ್ದು ಎಂದು ಈಗ ನಾನು ಮೊದಲು ಹುಡುಕುತ್ತೇನೆ.

ಮಲೇರಿಯಾದ ಬಗ್ಗೆಯೂ ಒಂದು ಮಾತು. ಶೆಡ್ಡು ಬಿಟ್ಟರೆ ಮಲೇರಿಯಾ ಕಡಿಮೆಯಾಗುತ್ತದೆ ಎಂದು ವರದಿಯಲ್ಲಿ ಬರೆದಿದ್ದೆವು. ಅಕ್ಟೋಬರಿನಲ್ಲಿ ಕಟ್ಟಡದ ಹುಡುಗರಲ್ಲೇ ಇಬ್ಬರಿಗೆ ವೈವಾಕ್ಸ್ ಬಗೆಯ ಮಲೇರಿಯಾ ಬಂತು. ಪೇಟೆಯಲ್ಲಿ ಮಲೇರಿಯಾ ಹರಡುವ ಸ್ಟೀಫನ್ಸಿ ಸೊಳ್ಳೆ ಹುಟ್ಟುವುದು ಚರಂಡಿಯ ಕೊಳಕಿನಲ್ಲಿ ಅಲ್ಲ, ನಿಂತ ತಿಳಿನೀರಿನಲ್ಲಿ. ಸ್ಲ್ಯಾಬಿಗೆ ಕ್ಯೂರಿಂಗ್ ಮಾಡಲು ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕಿ. ಎರಡೂ ಅವರ ದಾರಿಯಲ್ಲೇ ಇದ್ದವು. ಒಬ್ಬ ಹದಿನಾಲ್ಕು ದಿನದ ಮಾತ್ರೆಯನ್ನು ಜ್ವರ ಬಿಟ್ಟ ಕೂಡಲೇ ನಿಲ್ಲಿಸಿದ, ಪಿತ್ತಜನಕಾಂಗದಲ್ಲಿ ಅಡಗಿದ್ದ ರೋಗಾಣು ಡಿಸೆಂಬರಿನಲ್ಲಿ ಮತ್ತೆ ಎದ್ದಿತು. ಟ್ಯಾಂಕಿಗೆ ಮುಚ್ಚಳ ಹಾಕಿಸಿದ್ದು ಆಮೇಲೆ.

ಹೆಂಚಿನ ಮನೆ

ಮುಂದೇನು ಎಂಬುದಕ್ಕೆ ಗುಂಪಿನಲ್ಲಿ ಎರಡು ಪಕ್ಷವಾಯಿತು. ಶೆಡ್ಡನ್ನೇ ಒಳ್ಳೆಯದು ಮಾಡೋಣ, ಸಿಮೆಂಟಿನ ನೆಲ, ಚರಂಡಿ, ಇನ್ನೆರಡು ಸಂಡಾಸು ಎಂದು ಒಂದು ಪಕ್ಷ. ಹಿಂದೆ ಆ ಮುರಕಲ್ಲಿನ ಗೋಡೆ ಇರುವವರೆಗೆ ಅಲ್ಲಿ ಒಂದು ರೂಪಾಯಿ ಹಾಕುವುದಕ್ಕೂ ನಾನು ಒಪ್ಪಲಿಲ್ಲ. ಬೀಜದ ಲೆಕ್ಕ ಏನೇ ಹೇಳಲಿ, ಗುಡ್ಡ ಜರಿಯುವುದು ಜನರ ಇಷ್ಟಾನಿಷ್ಟ ಕೇಳಿಕೊಂಡಲ್ಲ. ಈ ಒಂದು ವಿಷಯದಲ್ಲಿ ನಾನು ಅವರ ಆಯ್ಕೆಗೆ ಬಿಡಲಿಲ್ಲ, ಅದಕ್ಕೆ ಪಶ್ಚಾತ್ತಾಪವೂ ಇಲ್ಲ.

ಜಂಕ್ಷನ್ನಿನಿಂದ ಆರುನೂರು ಮೀಟರಿನಲ್ಲಿ ಒಂದು ಹಳೆಯ ಹೆಂಚಿನ ಮನೆ ಸಿಕ್ಕಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಊರು ನೂರು ವರ್ಷ ಮಳೆಗೆ ಕೊಟ್ಟ ಉತ್ತರ ಅದೇ ಮಾಡು. ಈಗ ಅಂಥ ಮನೆಗಳು ಒಂದೋ ಕೆಡವಿ ಫ್ಲಾಟಾಗುತ್ತವೆ, ಇಲ್ಲವೇ ಬೀಗ ಹಾಕಿಸಿಕೊಂಡು ಸೋರುತ್ತವೆ. ಈ ಮನೆಗೆ ನಾಲ್ಕು ಕೋಣೆ, ಉದ್ದಕ್ಕೆ ಜಗಲಿ, ಮುಂದೆ ಅಂಗಳ, ಹಿಂದೆ ಬಾವಿ. ಒಡತಿ ವಯಸ್ಸಾದವರು, ಪಕ್ಕದಲ್ಲೇ ಕಟ್ಟಿಸಿದ ಚಿಕ್ಕ ಮನೆಯಲ್ಲಿ ಒಬ್ಬರೇ. ಮಕ್ಕಳು ಮುಂಬಯಿಯಲ್ಲಿ.

ಅವರನ್ನು ಒಪ್ಪಿಸಲು ಏಳು ಸಲ ಹೋದೆ. ಗಲಾಟೆ, ಕೊಳಕು ಎಂದು ಅವರು ಹೇಳಿದ್ದೆಲ್ಲ ಮೇಲುಮಾತು. ಐದನೇ ಸಲ ನಿಜ ಹೊರಬಂತು: ‘ನಾಳೆ ಅವರು ಡಿಕ್ಲರೇಶನ್ ಹಾಕಿದರೆ ನಾನು ಎಂತ ಮಾಡುವುದು?’ 1974ರ ಭೂಸುಧಾರಣೆಯಲ್ಲಿ ಅವರ ತವರಿನ ಗದ್ದೆಗಳು ಡಿಕ್ಲರೇಶನ್ನಿನಲ್ಲಿ, ಅಂದರೆ ಉಳುವವರು ಹಕ್ಕು ಕೇಳಿ ಹಾಕಿದ ಅರ್ಜಿಯಲ್ಲಿ, ಗೇಣಿದಾರರಿಗೆ ಹೋಗಿದ್ದವು. ಆ ಕಾನೂನಿಗೂ ಮನೆ ಬಾಡಿಗೆಗೂ ಸಂಬಂಧವಿಲ್ಲ ಎಂದು ವಿವರಿಸಿದೆ. ಕೇಳಿಸಿಕೊಂಡರು, ನಂಬಲಿಲ್ಲ. ಆರನೇ ಸಲ ಪರಿಚಯದ ವಕೀಲರನ್ನು ಕರೆದುಕೊಂಡು ಹೋದೆ. ಏಳನೇ ಸಲ ಶಾಂತವ್ವ ಮತ್ತು ಆಯಿಯನ್ನು. ಇಬ್ಬರು ಮುದುಕಿಯರೂ ಮೊಣಕಾಲಿನ ಎಣ್ಣೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ವಕೀಲರಿಂದ ಆಗದ್ದು ಅಲ್ಲಿ ಆಯಿತು.

ಹನ್ನೊಂದು ತಿಂಗಳ ಕರಾರು ಕನ್ನಡದಲ್ಲೇ ಬರೆದು ಅಂಗಳದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆವು. ನಾಲ್ಕು ಸಂಸಾರಕ್ಕೆ ಸೇರಿ ₹9,000. ಊರಿಗೆ ಹೋಗಿ ಬೀಗ ಹಾಕಿದ ದಿನಗಳಿಗೆ ಅರ್ಧ ಬಾಡಿಗೆ, ವರ್ಷಕ್ಕೆ ನಲವತ್ತು ದಿನ ಮೀರದಂತೆ. ಈ ಒಂದು ಸಾಲಿಗೆ ನಡೆದ ಚೌಕಾಸಿ ಉಳಿದ ಇಡೀ ಕರಾರಿಗೆ ನಡೆಯಲಿಲ್ಲ. ಜನವರಿಯಲ್ಲಿ ಆರು ಕೋಣೆ ಖಾಲಿಯಾದದ್ದು ಬಹುಪಾಲು ಆ ಸಾಲು ಇಲ್ಲದ್ದರಿಂದ. ಒಡೆದ ಹೆಂಚು, ಗೆದ್ದಲು ಹಿಡಿದ ಮಾಡಿನ ಮರದ ಪಕ್ಕಾಸು ಬದಲಿಸುವ ಸಾಮಾನು ನಮ್ಮದು, ಕೆಲಸ ಅವರದು. ಅದಕ್ಕೆ ಎರಡು ತಿಂಗಳ ಬಾಡಿಗೆ ಮನ್ನಾ. ಹಿತ್ತಲಲ್ಲಿ ಕಲ್ಲು ಕಟ್ಟಿ, ಮೇಲೆ ಶೀಟು ಹೊದಿಸಿ ನಾಲ್ಕು ಒಲೆಯ ಅಡುಗೆ ಮನೆ ಮಾಡಿಕೊಂಡರು. ಒಡತಿಯ ಮಲಗುವ ಕೋಣೆಯಿಂದ ಅತಿ ದೂರದ ಮೂಲೆ ಯಾವುದೆಂದು ಶಾಂತವ್ವ ಹೆಜ್ಜೆ ಹಾಕಿ ಅಳೆದು ಜಾಗ ಗುರುತಿಸಿದ್ದಳು. 2023ರ ಮೇ 15ಕ್ಕೆ ಒಕ್ಕಲಾದರು.

ಆಮೇಲೆ

ಎಲ್ಲ ನೆಟ್ಟಗಾಯಿತು ಎಂದಲ್ಲ. ಶೆಡ್ಡಿನ ಐದನೆಯ ಸಂಸಾರ ಬರಲಿಲ್ಲ. ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಿತ್ತು, ತೀರುವವರೆಗೆ ಅವನ ಕಣ್ಣಳತೆಯಲ್ಲೇ ಇರಬೇಕು. ಮುಂಗಡದ ಮೊತ್ತ ಎಷ್ಟೆಂದು ಆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಹೇಳಿದರು. ವಸತಿಯ ಪ್ರಶ್ನೆ ಎಂದು ಹೊರಟವರು ಅಲ್ಲಿ ಸಾಲದ ಗೋಡೆಗೆ ಹಾಯ್ದೆವು, ಇನ್ನೂ ದಾಟಿಲ್ಲ.

ಮೊದಲ ತಿಂಗಳು ಬಾವಿಗೆ ಕೊಡ ಇಳಿಸಲು ಒಡತಿ ಬಿಡಲಿಲ್ಲ. ಕಾರಣ ಅವರು ಹೇಳಲಿಲ್ಲ, ಹೇಳದೆಯೂ ಎಲ್ಲರಿಗೂ ಗೊತ್ತಾಯಿತು. ತುಂಬೆ ಅಣೆಕಟ್ಟಿನಿಂದ ಊರಿಗೆ ಬರುವ ನಲ್ಲಿ ನೀರು ಆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು, ಮಳೆಯೂ ಆ ವರ್ಷ ತಡ. ಹದಿನೇಳು ಜನ ಎರಡು ಡ್ರಮ್ಮಿನಲ್ಲಿ ಕಳೆದರು. ಪಂಪು ಹಾಕಿಸಿ ನಲ್ಲಿ ಎಳೆದ ಮೇಲೆ ‘ನಲ್ಲಿಯ ನೀರಾದರೆ ಅಡ್ಡಿಲ್ಲ’ ಎಂದರು. ನೀರು ಅದೇ ಬಾವಿಯದು. ನಾನು ಅಲ್ಲಿ ವಾದಕ್ಕೆ ನಿಲ್ಲಲಿಲ್ಲ. ನಿಲ್ಲಬೇಕಿತ್ತು ಎಂದು ನಮ್ಮ ಗುಂಪಿನ ಕಿರಿಯವಳು ಇವತ್ತಿಗೂ ಹೇಳುತ್ತಾಳೆ.

ಆಯಿ ಜಗಲಿಯಲ್ಲಿ ಕೂತೇ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ನಾಲ್ಕೂ ಮನೆಯ ಹೆಂಗಸರು ಕೆಲಸಕ್ಕೆ ಹೋಗುತ್ತಾರೆ. ದೊಡ್ಡ ಮಕ್ಕಳಿಬ್ಬರು ಸರಕಾರಿ ಶಾಲೆಗೆ ಸೇರಿದರು. ಪಾಠ ಕನ್ನಡದಲ್ಲಿ, ಆಟ ತುಳುವಿನಲ್ಲಿ. ಶಾಂತವ್ವನ ಮಗ ಒಂದು ದಿನ ಒಡತಿಗೆ ‘ಎಂಚ ಉಲ್ಲರ್?’ (ಹೇಗಿದ್ದೀರಿ?) ಎಂದನಂತೆ, ಅವರು ಫೋನು ಮಾಡಿ ಹೇಳಿದರು. ಗಂಡಸರಲ್ಲಿ ಮೂವರಿಗೆ, ಹೆಂಗಸರಲ್ಲಿ ಇಬ್ಬರಿಗೆ ತೊಂಬತ್ತು ದಿನದ ಕೆಲಸದ ದಾಖಲೆ ಜೋಡಿಸಿ ಲೇಬರ್ ಕಾರ್ಡು ಮಾಡಿಸಿದೆವು. ಹುಡುಗರು ಅದೇ ಆರ್‌ಸಿಸಿ ಕಟ್ಟಡದಲ್ಲಿದ್ದಾರೆ, ಈಗ ಹದಿನಾಲ್ಕು ಜನ. ಸ್ಲ್ಯಾಬಿನ ದಿನಕ್ಕೆಂದು ಮಾಲಕರು ಗೇಟಿನ ಒಂದು ಬೀಗದಕೈ ಅವರಿಗೆ ಕೊಟ್ಟಿದ್ದಾರೆ.

ಆ ಗುತ್ತಿಗೆದಾರರ ಬಳಿ ಎರಡನೇ ಸಲ ಹೋದಾಗ ಕಲಂ 34ನ್ನು ಮಡಚಿಡಲಿಲ್ಲ. ಮೇಜಿನ ಮೇಲೆ ಇಟ್ಟು, ಹೆಂಚಿನ ಮನೆಯ ಬಾಡಿಗೆಯಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಓದಿದರು, ತಲೆ ಕೆರೆದುಕೊಂಡರು, ಮೂರನೇ ಒಂದು ಪಾಲಿಗೆ ಒಪ್ಪಿದರು. ಆಗಸ್ಟ್ 2022ರಲ್ಲೇ ಇಟ್ಟಿದ್ದರೆ ಏನಾಗುತ್ತಿತ್ತೋ, ನಾನೇ ಕಟ್ಟಿಕೊಂಡ ಹೆದರಿಕೆಯಲ್ಲಿ ಅದನ್ನು ಪರೀಕ್ಷಿಸಲೇ ಇಲ್ಲ.

ಕರಾರು ಎರಡು ಸಲ ನವೀಕರಣವಾಗಿದೆ. ಈ ಸಲದ ಮಾತು ಸಂಡಾಸಿನದು. ಹದಿನೇಳು ಜನಕ್ಕೆ ಒಂದೇ ಇದೆ, ಬೀಜದ ಆಟದಲ್ಲಿ ಈಗ ಹೆಚ್ಚು ರಾಶಿ ಬೀಳುವುದು ಅದರ ಮೇಲೆ. ಒಡತಿ ಬಾಡಿಗೆ ಐನೂರು ಏರಿಸಬೇಕು ಎನ್ನುತ್ತಾರೆ, ಇವರು ಮೊದಲು ಇನ್ನೊಂದು ಗುಂಡಿ ಎನ್ನುತ್ತಾರೆ. ಖರ್ಚು ಯಾರದು ಎಂಬಲ್ಲಿ ಮಾತು ನಿಂತಿದೆ. ಶಾಂತವ್ವನ ಗಂಡ ಮಾತ್ರ ಜಾಗ ಅಳೆದು, ಬಾವಿಯಿಂದ ದೂರ ನೋಡಿ, ನೂರ ಅರವತ್ತು ಕೆಂಪುಕಲ್ಲು ಬೇಕೆಂದು ಲೆಕ್ಕ ಹಾಕಿ ಚೀಟಿಯನ್ನು ಜಗಲಿಯ ಕಂಬಕ್ಕೆ ಸಿಕ್ಕಿಸಿಟ್ಟಿದ್ದಾನೆ.